ಒಂದು ಹಿಡಿ ಹಳೆಯದು

ದೇಜಪ್ಪ ತೊಳೆದ ನೆಲದಲ್ಲಿ ಎಲೆ ಹಾಕದೆಯೇ ಅನ್ನ ಬಡಿಸಿಕೊಂಡು ಉಣ್ಣಬಹುದು ಎಂಬ ಮಾತು ಥಾಣೆಯ ಮಾಜಿವಾಡಾದ ಆ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷಗಳಿಂದ ಚಾಲ್ತಿಯಲ್ಲಿತ್ತು. ಸೇಠ್ ಅದನ್ನು ಹೊಗಳಿಕೆಯಾಗಿ ಹೇಳುತ್ತಿದ್ದರು, ಸಪ್ಲೈಯರ್‌ಗಳು ಬೈಗುಳವಾಗಿ ಹೇಳುತ್ತಿದ್ದರು. ದೋಸೆ ಹುಯ್ಯುವವನನ್ನು ಗಿರಾಕಿಗಳು ಕೇಳಿಕೊಂಡು ಬರುತ್ತಾರೆ, ಕಾಫಿ ಮಾಡುವವನ ಗುರುತು ಇಟ್ಟುಕೊಳ್ಳುತ್ತಾರೆ. ನೆಲ ಒರೆಸುವವನ ಹೆಸರು ಯಾರಿಗೆ ಬೇಕು ಹೇಳಿ? ಆದರೂ ಬೆಳ್ಮಣ್ಣಿನ ಕಡೆಯಿಂದ ಹದಿನಾರನೇ ವಯಸ್ಸಿಗೆ ಟೇಬಲ್ ಒರೆಸಲು ಬಂದು, ಅರುವತ್ತಕ್ಕೆ ಹೋಟೆಲಿನ ಇಡೀ ಸ್ವಚ್ಛತೆಯ ಉಸ್ತುವಾರಿಗೆ ನಿಂತ ಮನುಷ್ಯನಿಗೆ ತನ್ನ ಕೆಲಸದ ಬಗ್ಗೆ ಒಂದಿಷ್ಟು ಸೊಕ್ಕಿತ್ತು. ಇರಬಾರದೇನು? ಕಕ್ಕಸಿಗೆ ಕಪ್ಪು ಫಿನೈಲ್, ಹಾಲ್‌ಗೆ ಬಿಳಿ ಫಿನೈಲ್, ಅಡುಗೆಮನೆಗೆ ಕುದಿನೀರು ಮತ್ತು ಸೋಡಾ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಒಮ್ಮೆ. ಅವನ ಬೆರಳ ಸಂದುಗಳಿಂದ ಆ ವಾಸನೆ ಭಾನುವಾರವೂ ಹೋಗುತ್ತಿರಲಿಲ್ಲ.

ಅಂಥವನ ಮನೆ, ಪಕ್ಕದ ಕಳವಾ ಎಂಬ ಊರಿನ ಚಾಳಿನ ಒಂದೇ ಕೋಣೆಯ ಖೋಲಿ, ಈಗ ಬೆಕ್ಕಿನ ಉಚ್ಚೆ ನಾರುತ್ತಿತ್ತು. ನಾಚಿಕೆಗೇಡು.

ಬೆಕ್ಕು ಬಂದದ್ದು ಯಾಕೆಂದು ಹೇಳಬೇಕಾದರೆ ಸಮಿತನ ವಿಷಯ ಹೇಳಲೇಬೇಕು. ಸಮಿತ್ ಒಬ್ಬನೇ ಮಗ, ಇಪ್ಪತ್ತನಾಲ್ಕು ವರ್ಷ. ಐರೋಲಿಯ ಆಫೀಸೊಂದರಲ್ಲಿ ಇಡೀ ದಿನ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಮೈ ಬಿಸಿ ಎಂದು ಬಂದು ಮಲಗಿದ. ಡೆಂಗಿ ಜ್ವರ. ಐದನೇ ದಿನ, ಹದಿನೇಳನೇ ತಾರೀಖು, ಹೋಗಿಬಿಟ್ಟ. ಇಷ್ಟೇ. ಹೇಳಲು ಇನ್ನೇನೂ ಇಲ್ಲದಷ್ಟು ಬೇಗ ಮುಗಿದುಹೋದ ಸಂಗತಿ ಅದು.

ಊರಿನಲ್ಲಾಗಿದ್ದರೆ ಸೂತಕದ ಬಟ್ಟೆ ಒಯ್ಯಲು ಮಡಿವಾಳ ಬರುತ್ತಿದ್ದ, ಅವನು ತೊಳೆದು ತಂದ ಮಡಿ ಬಟ್ಟೆಯಿಂದ ಮನೆ ಶುದ್ಧವಾಗುತ್ತಿತ್ತು. ಕಳವಾ ಕಡೆಯ ಚಾಳಿಗೆ ಯಾವ ಮಡಿವಾಳ ಬರುತ್ತಾನೆ? ಬೊಜ್ಜದ ಹಿಂದಿನ ದಿನ, ಅಂದರೆ ಉತ್ತರಕ್ರಿಯೆಗೆ ನಾಲ್ಕು ಜನ ಬರುವ ಮೊದಲು, ದೇಜಪ್ಪ ಸೊಂಟಕ್ಕೆ ಬೈರಾಸು ಕಟ್ಟಿಕೊಂಡು ತಾನೇ ಇಳಿದ. ಮಗನ ಹಾಸಿಗೆ, ಹೊದಿಕೆ, ದಿಂಬಿನ ಕವರ್, ಬಾಗಿಲ ಹಿಂದೆ ತೂಗುತ್ತಿದ್ದ ಅಂಗಿಗಳು, ಬನಿಯನ್ನು, ಕಾಲುಚೀಲ ಎಲ್ಲವನ್ನೂ ಬಿಸಿನೀರಿಗೆ ಹಾಕಿ, ಸೋಡಾ ಹಾಕಿ, ಒಗೆದು, ಫಿನೈಲ್ ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದ. ನೆಲ, ಗೋಡೆ, ಮಂಚದ ಕಾಲು, ಸ್ವಿಚ್ಚು, ಒಂದನ್ನೂ ಬಿಡಲಿಲ್ಲ. ಅಳಲು ಗೊತ್ತಿಲ್ಲದವನು ಮತ್ತೇನು ಮಾಡಬೇಕು? ಗೊತ್ತಿದ್ದ ಕೆಲಸ ಮಾಡಿದ.

ಬೊಜ್ಜ ಮುಗಿದು ಜನ ಹೋದ ಮೇಲೆ ಹೆಂಡತಿ ನಳಿನಾಕ್ಷಿ ಮಗನ ದಿಂಬನ್ನು ಎತ್ತಿ ಮುಖಕ್ಕೆ ಹಿಡಿದಳು. ಮತ್ತೆ ಕೆಳಗಿಟ್ಟಳು.

"ಅವನ ದಿಂಬಿನ ಕವರು ಎಲ್ಲಿ?"

"ಅದೇ ಉಂಟಲ್ಲ ಮಾರಾಯ್ತಿ. ತೊಳೆದು ಹಾಕಿದ್ದೇನೆ."

"ಅಂಗಿಗಳು?"

"ಎಲ್ಲ ತೊಳೆದೆ."

ಆಕೆ ಗಂಡನ ಕಡೆ ತಿರುಗಿದಳು. "ಅವನ ವಾಸನೆ ಒಂದಿತ್ತು ಈ ಮನೆಯಲ್ಲಿ. ಅದನ್ನೂ ತೊಳೆದಿರಾ?" ಎಂದಳು. ಅದೇ ಕೊನೆ. ಅಲ್ಲಿಂದ ಮುಂದೆ ಅವನೊಡನೆ ಮಾತಿಲ್ಲ. ಅನ್ನ ಬಡಿಸುತ್ತಿದ್ದಳು, ಅಂಗಿ ಮಡಚಿಡುತ್ತಿದ್ದಳು. ಅಕ್ಕಿ ಮುಗಿದರೆ ಖಾಲಿ ಡಬ್ಬವನ್ನು ಅವನ ಚಪ್ಪಲಿಯ ಪಕ್ಕ ಇಡುತ್ತಿದ್ದಳು. ಮೂವತ್ತು ವರ್ಷ ಕೂಡಿ ಬಾಳಿದವರ ಮಧ್ಯೆ ಖಾಲಿ ಡಬ್ಬ ಮಾತಾಡುವ ಕಾಲ ಬಂತು. ದೇಜಪ್ಪನಿಗೆ ಮೊದಮೊದಲು ಸಿಟ್ಟೇ ಬಂತು. ಸೂತಕದ ಮನೆ ತೊಳೆಯುವುದು ತಪ್ಪೇ? ತೊಳೆಯದಿದ್ದರೆ ಇದೇ ನೆಂಟರು ಬಾಯಿಗೆ ಬಂದಂತೆ ಆಡುತ್ತಿರಲಿಲ್ಲವೇ? ಸಿಟ್ಟು ಒಂದು ತಿಂಗಳು ಇತ್ತು. ಆಮೇಲೆ ಉಳಿದದ್ದು ಬರೀ ಹೆದರಿಕೆ, ಇವಳು ಹೀಗೆಯೇ ಇದ್ದುಬಿಟ್ಟರೆ ಎಂಬ ಹೆದರಿಕೆ.

ಡಿಸೆಂಬರಿನಲ್ಲಿ ಕಾಮೋಠೆಯಿಂದ ನಿಶ್ಮಿತಾ ಬಂದಳು. ನಳಿನಾಕ್ಷಿಯ ತಂಗಿಯ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಹಿಂದಿಯಲ್ಲಿ ಮುಗಿಸುವವಳು. ಅವಳ ಕೈಯಲ್ಲಿ ತೂತು ಮಾಡಿದ ಒಂದು ರಟ್ಟಿನ ಪೆಟ್ಟಿಗೆ, ಒಂದು ನೀಲಿ ಪ್ಲಾಸ್ಟಿಕ್ ಟ್ರೇ, ಬೆಕ್ಕಿನ ಮಣ್ಣಿನ ಒಂದು ಚೀಲ ಇತ್ತು. ಪೆಟ್ಟಿಗೆಯೊಳಗೆ ಎರಡು ತಿಂಗಳ ಹೆಣ್ಣು ಮರಿ, ಬೂದು ಬಣ್ಣ, ಒಂದು ಕಿವಿ ಮಾತ್ರ ಬಿಳಿ.

"ದೊಡ್ಡಮ್ಮ, ನಮ್ಮ ಬಿಲ್ಡಿಂಗ್ ನೀಚೆ ಇತ್ತು, ಅಕೇಲಿ. ಸ್ವಲ್ಪ ದಿನ ಇಟ್ಕೊಳ್ಳಿ, ಪ್ಲೀಸ್."

ನಳಿನಾಕ್ಷಿ ಪೆಟ್ಟಿಗೆಯ ಒಳಗೆ ಬಗ್ಗಿ ನೋಡಿದಳು. ಮರಿ ಪೆಟ್ಟಿಗೆಯಿಂದ ಇಳಿದು, ಆಕೆಯ ಸೀರೆಯ ಸೆರಗು ಹತ್ತಿ, ತೊಡೆಯ ಮೇಲೆ ಸುತ್ತಿ ಮಲಗಿ ಗುರುಗುರು ಎನ್ನತೊಡಗಿತು. ಹತ್ತು ನಿಮಿಷ ಕಳೆದ ಮೇಲೆ ಆಕೆ, "ಎಷ್ಟು ಗಲಾಟೆ ಇದರದ್ದು! ನಮ್ಮ ಊರಿನ ಬಾಗಿಯಕ್ಕನ ಹಾಗೆ," ಎಂದಳು. ಬಾಗಿಯಕ್ಕ ಅಂದರೆ ನೆರೆಮನೆಯ ಹೆಂಗಸು, ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ. ಮರಿಯ ಹೆಸರು ಬಾಗಿ ಆಯಿತು. ಬಾಗಿಲ ಬಳಿ ನಿಂತಿದ್ದ ದೇಜಪ್ಪ ಮೂರು ತಿಂಗಳ ನಂತರ ಹೆಂಡತಿಯ ದನಿ ಕೇಳಿ, ಕಣ್ಣು ಒರೆಸಿಕೊಳ್ಳಲು ಹೊರಗೆ ಹೋದ.

ಆಮೇಲೆ ಮಾತು ಒಂದು ಅಡ್ಡದಾರಿ ಹಿಡಿದು ಬರತೊಡಗಿತು. "ಬಾಗೀ, ನಿನ್ನ ಅಜ್ಜನಿಗೆ ಹೇಳು, ಅಕ್ಕಿ ಮುಗಿದಿದೆ." "ಬಾಗೀ, ಅಜ್ಜ ಇವತ್ತು ಬೂತಾಯಿ ಮೀನು ತರ್ತಾರಾ ಕೇಳು." ಅವನೂ ಅದೇ ದಾರಿ ಹಿಡಿದ. "ಬಾಗೀ, ಅಜ್ಜಿಗೆ ಹೇಳು, ತರ್ತೇನೆ ಅಂತ. ತಲೆ ನಿನಗೆ, ನಡುತುಂಡು ಅವಳಿಗೆ." ಒಮ್ಮೆ ಆಕೆ ನಕ್ಕಂತೆಯೂ ಆಯಿತು. ಈ ಮರಿ ಇದ್ದರೆ ಇನ್ನೊಂದು ಆರು ತಿಂಗಳಲ್ಲಿ ಮಧ್ಯಸ್ಥಿಕೆಯಿಲ್ಲದೆ ನನ್ನೊಡನೆ ಮಾತಾಡುತ್ತಾಳೆ ಎಂದು ದೇಜಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೆ ಬಿಡುತ್ತಾನೆಯೇ?

ಆದರೆ ಹುಲ್ಲುಕಡ್ಡಿ ಕಂಡಕಂಡಲ್ಲಿ ಉಚ್ಚೆ ಹೊಯ್ಯುತ್ತಿತ್ತಲ್ಲ, ಅದೇ ಕಷ್ಟ.

ಮೊದಲ ವಾರ ಎಲ್ಲ ಸರಿಯಿತ್ತು. ಖೋಲಿಯ ಮೂಲೆಯ ಬಚ್ಚಲು, ಅಂದರೆ ಮೋರಿಯ ಪಕ್ಕ, ಬಟ್ಟೆ ಒಗೆಯುವ ಕಟ್ಟೆಯ ಕೆಳಗೆ ಟ್ರೇ ಇಟ್ಟಿದ್ದರು. ಮರಿ ತಾನಾಗಿಯೇ ಹೋಗುತ್ತಿತ್ತು, ಕೆದರುತ್ತಿತ್ತು, ಮಾಡಿ ಮುಚ್ಚುತ್ತಿತ್ತು. ಮುಚ್ಚುವ ಭರದಲ್ಲಿ ಅರ್ಧ ಮಣ್ಣನ್ನು ಹೊರಗೆ ಎರಚುತ್ತಿತ್ತು, ಹೊಲಸನ್ನು ಮೆಟ್ಟಿಕೊಂಡು ಚಾಪೆಯ ಮೇಲೆ ನಡೆಯುತ್ತಿತ್ತು. ಸಣ್ಣ ಮಕ್ಕಳು ಹೀಗೆಯೇ ಅಲ್ಲವೇ? ಆದರೆ ಸ್ವಚ್ಛತೆಯ ಮನುಷ್ಯನಿಗೆ ಸಹಿಸಲಾಗಲಿಲ್ಲ. ಕೆಲಸದಿಂದ ಬಂದವನು ಮೊದಲು ಟ್ರೇಯ ಮಣ್ಣನ್ನೆಲ್ಲ ಎಸೆದು, ಟ್ರೇಗೆ ಫಿನೈಲ್ ಸುರಿದು, ತೆಂಗಿನ ನಾರಿನಿಂದ ತಿಕ್ಕಿ, ಸುತ್ತಲ ನೆಲಕ್ಕೂ ಫಿನೈಲಿನ ಬಟ್ಟೆ ಎಳೆದು, ಹೊಸ ಮಣ್ಣು ತುಂಬುತ್ತಿದ್ದ. ಕನ್ನಡಿಯಂಥ ಟ್ರೇ. ಮರಿ ಬಂದು ಮೂಸುತ್ತಿತ್ತು, ಮೂಗು ಕೊಡವಿ ಹಿಂದೆ ಸರಿಯುತ್ತಿತ್ತು, ಹೋಗಿ ಕಾಲೊರಸಿನ ಮೇಲೆ ಕೂರುತ್ತಿತ್ತು.

"ನೋಡು ಇದರ ಅಹಂಕಾರ! ಅಷ್ಟು ಕ್ಲೀನ್ ಮಾಡಿಕೊಟ್ಟರೂ ಸಾಲ್ದು ಇದಕ್ಕೆ."

ಕಾಲೊರಸು ತೊಳೆದ. ಮರಿ ಅಕ್ಕಿಯ ಗೋಣಿಯ ಹಿಂದೆ ಮಾಡಿತು. ಅಲ್ಲಿ ತೊಳೆದ. ಚಪ್ಪಲಿಯ ಸ್ಟ್ಯಾಂಡಿನ ಕೆಳಗೆ ಮಾಡಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲೂ ತೊಳೆಯಲು ಶುರು ಮಾಡಿದ. ಅವನು ತೊಳೆದಷ್ಟೂ ಅದು ಹೊಸ ಜಾಗ ಹುಡುಕಿತು. ಅದು ಹೊಸ ಜಾಗ ಹುಡುಕಿದಷ್ಟೂ ಇವನ ಫಿನೈಲ್ ಗಟ್ಟಿಯಾಯಿತು. ಹೋಟೆಲಿನ ಕಕ್ಕಸಿಗೆ ಹಾಕುವ ಕಪ್ಪು ಫಿನೈಲನ್ನೇ ಬಾಟಲಿಯಲ್ಲಿ ತಂದ. ಇಷ್ಟಾದರೂ ಮನೆಯಲ್ಲಿ ಎಲ್ಲಿಂದಲೋ ಒಂದು ನಾತ ಬರುತ್ತಲೇ ಇತ್ತು, ಜಾಗ ಮಾತ್ರ ಸಿಗದು. ಮಂಚದಡಿ ನೋಡೋಣವೆಂದು ಒಂದು ದಿನ ಬಗ್ಗಿದಾಗ ನಳಿನಾಕ್ಷಿ, "ಬಾಗೀ, ಅಜ್ಜನಿಗೆ ಹೇಳು, ಮಂಚದಡಿ ಕೈ ಹಾಕುದು ಬೇಡ. ಅಲ್ಲಿ ನಾನೇ ಗುಡಿಸ್ತೇನೆ," ಎಂದಳು. ದನಿ ಗಡುಸಾಗಿತ್ತು. ಅವನು ಎದ್ದು ನಿಂತ. ಮಾತಾಡುತ್ತಿದ್ದಾಳೆ ಎಂಬುದೇ ದೊಡ್ಡದಾಗಿರುವಾಗ ಮಂಚದಡಿಗೆ ಜಗಳವಾಡುವುದು ಯಾಕೆ?

ಫೆಬ್ರವರಿಯ ಹೊತ್ತಿಗೆ ಪಕ್ಕದ ಖೋಲಿಯ ಮರಾಠಿ ಹೆಂಗಸು, ಎಲ್ಲರ ಕಾಕು, ಮೂಗಿಗೆ ಸೆರಗು ಹಿಡಿದುಕೊಂಡು ಓಡಾಡತೊಡಗಿದಳು. ಮಾತು ಚಾಳಿನ ಮಾಲೀಕನ ಕಿವಿಗೆ ಹೋಯಿತು. ಅವನು ಬಾಗಿಲಲ್ಲೇ ನಿಂತು, ಬರುವ ಭಾನುವಾರದೊಳಗೆ ವಾಸನೆ ಹೋಗಬೇಕು, ಇಲ್ಲವೇ ಬೆಕ್ಕು ಹೋಗಬೇಕು ಎಂದು ಹೇಳಿ ಹೋದ. ನಿಶ್ಮಿತಾಳಿಗೆ ಫೋನ್ ಹಚ್ಚಿದರೆ, "ಕೋಯಿ ಬಾತ್ ನಹೀ ದೊಡ್ಡಪ್ಪ, ಖಾರ್‌ಘರ್‌ನಲ್ಲಿ ಒಬ್ರು ಕೇಳ್ತಾ ಇದ್ರು, ಸಂಡೇ ಬಂದು ಒಯ್ತೇನೆ," ಎಂದಳು.

"ಒಯ್ಯುದು ಬೇಡ!" ದೇಜಪ್ಪ ಕೂಗಿಯೇಬಿಟ್ಟ. ಮಂಚದ ಮೇಲೆ ಕೂತಿದ್ದ ನಳಿನಾಕ್ಷಿ ತಲೆ ಎತ್ತಿ ನೋಡಿದಳು. ಮರಿ ಹೋದರೆ ಮತ್ತೆ ಖಾಲಿ ಡಬ್ಬ. ಅದು ಅವನಿಗೆ ಗೊತ್ತಿತ್ತು, ಅವನ ಮುಖ ನೋಡಿದರೆ ಆಕೆಗೂ ಗೊತ್ತಾಗುತ್ತಿತ್ತು. ಆ ವಾರ ಅವನು ದಿನಕ್ಕೆ ಮೂರು ಸಲ ತೊಳೆದ.

ಮಂಗಳವಾರ ಬೆಳಿಗ್ಗೆ ಮರಿ ಹಾಲು ಮುಟ್ಟಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅಂಗಾಲುಗಳು ಸುಟ್ಟಂತೆ ಕೆಂಪಾಗಿದ್ದವು, ನೆಲಕ್ಕೆ ಊರಲಾರದೆ ಒಂದೊಂದೇ ಕಾಲನ್ನು ಎತ್ತೆತ್ತಿ ಇಡುತ್ತಿತ್ತು. ನಳಿನಾಕ್ಷಿ ಅದನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಮನೆಯಲ್ಲಿ ಮಲಗಿದವರು ಏಳದೆ ಹೋದದ್ದನ್ನು ಒಮ್ಮೆ ಕಂಡವಳು ಆಕೆ.

"ಬಾಗೀ, ಅಜ್ಜನಿಗೆ ಹೇಳು, ಈಗಲೇ ಡಾಕ್ಟ್ರಲ್ಲಿಗೆ ಹೋಗುವಾ ಅಂತ. ಈಗಲೇ."

ದೇಜಪ್ಪ ರಜೆ ಹಾಕಿ, ಮರಿಯನ್ನು ತರಕಾರಿ ಚೀಲದಲ್ಲಿ ಬೈರಾಸು ಹಾಸಿ ಕೂರಿಸಿಕೊಂಡು, ಥಾಣೆಯ ಪ್ರಾಣಿಗಳ ಡಾಕ್ಟರಲ್ಲಿಗೆ ಹೋದ. ಡಾಕ್ಟರ್ ಸಣ್ಣ ಪ್ರಾಯದ ಹೆಂಗಸು. ಮರಿಯ ಬಾಯಿ ಬಿಡಿಸಿ ನೋಡಿದಳು, ಅಂಗಾಲು ನೋಡಿದಳು, ಆಮೇಲೆ ದೇಜಪ್ಪನ ಕೈ ಹಿಡಿದು ಮೂಸಿ ನೋಡಿದಳು.

"ಕಾಕಾ, ಟ್ರೇಯನ್ನು ಯಾವುದರಲ್ಲಿ ತೊಳೆಯುತ್ತೀರಿ?" ಎಂದು ಮರಾಠಿಯಲ್ಲಿ ಕೇಳಿದಳು.

ಅವನು ಹೇಳಿದ. ಹೇಳುವಾಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ, ಪಾಪ.

"ಬೆಕ್ಕಿಗೆ ಅದು ವಿಷ. ಮೆಟ್ಟುತ್ತದೆ, ಆಮೇಲೆ ಕಾಲು ನೆಕ್ಕುತ್ತದೆ. ಬಾಯೊಳಗೆಲ್ಲ ಹುಣ್ಣಾಗಿದೆ ನೋಡಿ. ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ." ಸೂಜಿ ಚುಚ್ಚಿದಳು, ಅಂಗಾಲಿಗೆ ಮುಲಾಮು ಹಚ್ಚಿದಳು. "ಅದು ಹೊರಗೆ ಮಾಡುವುದೂ ನಿಮ್ಮಿಂದಲೇ. ಬೆಕ್ಕು ತನ್ನ ಜಾಗವನ್ನು ಕಣ್ಣಿನಿಂದ ಗುರುತಿಸುವುದಿಲ್ಲ ಕಾಕಾ, ವಾಸನೆಯಿಂದ. ತನ್ನ ವಾಸನೆ ಇದ್ದರೆ ತನ್ನ ಮನೆ ಅನ್ನುತ್ತದೆ. ನೀವು ದಿನಾ ಅದನ್ನು ಅಳಿಸಿಹಾಕಿದರೆ ಅದಕ್ಕೆ ದಿನಾ ಅದು ಬೇರೆಯವರ ಮನೆ. ಬರೀ ನೀರಿನಲ್ಲಿ ತೊಳೆಯಿರಿ. ಹೊಸ ಮಣ್ಣು ಹಾಕುವಾಗ ಒಂದು ಹಿಡಿ ಹಳೆಯದು ಬಿಡಿ. ಅಷ್ಟು ಸಾಕು, ತಾನೇ ಬರುತ್ತದೆ."

ಒಂದು ಹಿಡಿ ಹಳೆಯದು ಬಿಡಿ. ಕಳವಾ ಕಡೆಯ ಶೇರ್ ರಿಕ್ಷಾದಲ್ಲಿ ಕೂತ ಮೇಲೆ ಆ ಮಾತು ಅವನೊಳಗೆ ಇಳಿಯಿತು. ಹಿನ್ನೀರಿನ ಖಾಡಿಯ ಸೇತುವೆಯ ಮೇಲೆ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು, ರಿಕ್ಷಾದವನು ಯಾರನ್ನೋ ಬೈಯುತ್ತಿದ್ದ. ಚೀಲದೊಳಗೆ ಮರಿ ನಿದ್ದೆ ಮಾಡುತ್ತಿತ್ತು. ದಿಂಬನ್ನು ಮುಖಕ್ಕೆ ಹಿಡಿದು ಕೆಳಗಿಟ್ಟ ಹೆಂಡತಿ ಅವನ ಕಣ್ಣಮುಂದೆ ಬಂದಳು. ಅಯ್ಯೋ ದೇವರೇ, ಇಷ್ಟು ಸಣ್ಣ ಸಂಗತಿ! ಒಂದು ದಿಂಬಿನ ಕವರು, ಒಂದು ಅಂಗಿ. ಯಾವ ಶಾಸ್ತ್ರ ಮುಳುಗಿಹೋಗುತ್ತಿತ್ತು ಬಿಟ್ಟಿದ್ದರೆ? ಇಡೀ ಜನ್ಮ ಬೇರೆಯವರ ಎಂಜಲು ತೊಳೆದವನಿಗೆ, ಯಾವುದನ್ನು ತೊಳೆಯಬಾರದು ಎಂಬುದೊಂದು ಗೊತ್ತಾಗಲಿಲ್ಲ. ಐದು ತಿಂಗಳಿನಿಂದ ಆಕೆ ಬೇರೆಯವರ ಮನೆಯಲ್ಲಿ ಕೂತಂತೆ ಕೂತಿದ್ದಳು, ಹಾಗೆ ಮಾಡಿದವನು ತಾನು. ಪಕ್ಕದಲ್ಲಿ ಕೂತ ಹೆಂಗಸು ನೋಡುತ್ತಿದ್ದಾಳೆಂದು ಅವನು ಮುಖವನ್ನು ಹೊರಗೆ ತಿರುಗಿಸಿದ.

ಮನೆಗೆ ಹೋಗಿ ಹೇಳುತ್ತೇನೆ, ಬೆಕ್ಕಿನ ಮೂಲಕ ಅಲ್ಲ, ನೇರವಾಗಿ ಹೇಳುತ್ತೇನೆ ಎಂದು ನಿಶ್ಚಯ ಮಾಡಿದ. ನಳಿನಾ, ನನ್ನಿಂದ ತಪ್ಪಾಯ್ತು. ಇಷ್ಟೇ ಮಾತು. ಚಾಳಿನ ಮೆಟ್ಟಿಲು ಹತ್ತುವಾಗಲೂ ಅದನ್ನೇ ಬಾಯಿಪಾಠ ಮಾಡಿಕೊಂಡ.

ಬಾಗಿಲು ತೆರೆದಿತ್ತು. ಮಂಚದಡಿಯಿಂದ ಹಳೆಯ ಕಂದು ಸೂಟ್‌ಕೇಸ್ ಹೊರಗೆ ಬಂದಿತ್ತು. ಅದರ ಒಂದು ಮೂಲೆಯ ಜಿಪ್ ಎಂದೋ ಹರಿದದ್ದು, ಸಣ್ಣ ಮರಿಯೊಂದು ನುಸುಳುವಷ್ಟು. ನಳಿನಾಕ್ಷಿ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಒಂದು ನೀಲಿ ಗೆರೆಯ ಅಂಗಿ.

ಅಂಗಿಯ ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಜ್ವರ ಬಂದ ಸಂಜೆ ಸಮಿತ್ ಆಫೀಸಿನಿಂದ ಹಾಕಿಕೊಂಡು ಬಂದದ್ದು. ಬೊಜ್ಜದ ಹಿಂದಿನ ದಿನ ಗಂಡ ನೀರು ಕಾಯಿಸಲು ಇಟ್ಟಾಗಲೇ ಆಕೆ ಅದೊಂದನ್ನು ಎತ್ತಿ ಅಡಗಿಸಿಟ್ಟಿದ್ದಳು. ಉಳಿದವನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನು ನೀರಿಗೆ ಹಾಕಿಯಾಗಿತ್ತು. ದಿನಾ ತೆಗೆದರೆ ವಾಸನೆ ಆರಿಹೋದೀತೆಂದು ತಿಂಗಳಿಗೊಮ್ಮೆ ಮಾತ್ರ, ಮಗ ಹೋದ ತಾರೀಖಿನಂದು, ಗಂಡ ಕೆಲಸಕ್ಕೆ ಹೋದ ಮೇಲೆ ತೆಗೆಯುತ್ತಿದ್ದಳು. ಒಮ್ಮೆ ಮೂಸಿ ಮತ್ತೆ ಮಡಚಿಡುತ್ತಿದ್ದಳು. ಇದೆಲ್ಲ ಅವನಿಗೆ ಆಮೇಲೆ ಗೊತ್ತಾದದ್ದು. ಅಂದು ಹದಿನೇಳನೇ ತಾರೀಖು.

ಅಂಗಿ ಒದ್ದೆಯಾಗಿತ್ತು. ಅಲ್ಲಲ್ಲಿ ಒಣಗಿ ಹಳದಿ ಕಲೆಗಟ್ಟಿತ್ತು. ಇಂದಿನದು, ನಿನ್ನೆಯದು, ಎಷ್ಟು ದಿನಗಳದ್ದೋ. ಇಷ್ಟು ದಿನ ಹುಡುಕಿದರೂ ಸಿಗದ ನಾತ ಇಲ್ಲಿತ್ತು. ಆ ಖೋಲಿಯಲ್ಲಿ ದೇಜಪ್ಪನ ಫಿನೈಲ್ ಮುಟ್ಟದೆ ಉಳಿದಿದ್ದ ಜಾಗ ಅದೊಂದೇ. ಮರಿ ಮತ್ತೆಲ್ಲಿಗೆ ಹೋಗಬೇಕಿತ್ತು?

ಚೀಲದಿಂದ ತಲೆ ಹೊರಹಾಕಿ ಮರಿ ಮಿಯಾಂ ಎಂದಿತು. ಆಕೆ ಅದನ್ನು ನೋಡಲಿಲ್ಲ. ಅಂಗಿಯನ್ನು ಎರಡು ಕೈಯಲ್ಲಿ ಎತ್ತಿ ಗಂಡನ ಕಡೆ ಚಾಚಿದಳು.

"ತೊಳೀರಿ," ಎಂದಳು. "ಇದನ್ನೂ ತೊಳೀರಿ."

ಐದು ತಿಂಗಳ ಮೇಲೆ ಆಕೆ ನೇರವಾಗಿ ಅವನಿಗೆ ಹೇಳಿದ ಮೊದಲ ಮಾತು ಅದು. ಬಾಯಿಪಾಠ ಮಾಡಿಕೊಂಡು ಬಂದದ್ದು ದೇಜಪ್ಪನ ಬಾಯಿಗೆ ಬರಲಿಲ್ಲ. ಅಂಗಿ ತೆಗೆದುಕೊಂಡು ಮೋರಿಗೆ ಹೋದ. ನಳ ತಿರುಗಿಸಿದ. ಬಕೆಟ್ ತುಂಬಿ ಹರಿಯತೊಡಗಿದರೂ ಅದ್ದಲು ಕೈ ಬರಲಿಲ್ಲ. ಕಾಲರನ್ನು ಮೂಗಿಗೆ ಹಿಡಿದ, ಕಂಕುಳ ಜಾಗವನ್ನು ಹಿಡಿದ, ಜೇಬಿನ ಹೊಲಿಗೆಯನ್ನು ಹಿಡಿದ. ಬೆಕ್ಕಿನ ನಾತ. ಅದರಡಿಯಲ್ಲಿ ಎಲ್ಲಾದರೂ ಮಗ ಇದ್ದಾನೆಯೇ ಎಂದು ಅರುವತ್ತರ ಮುದುಕ ಆ ಅಂಗಿಯಲ್ಲಿ ಇಂಚಿಂಚು ಹುಡುಕಿದ. ಅವನ ಸ್ವಂತ ಬೆರಳಿನ ಫಿನೈಲ್ ವಾಸನೆ ಅಡ್ಡ ಬರುತ್ತಿತ್ತು. ಆಗ ಅವನಿಗೆ ಅಳು ಬಂತು. ಮಗ ಸತ್ತಾಗ ಬಾರದ್ದು ಈಗ ಬಂತು, ನಳದ ಸದ್ದಿಗಿಂತ ಜೋರಾಗಿ ಬಂತು. ನಳಿನಾಕ್ಷಿ ಎದ್ದು ಬರಲಿಲ್ಲ.

ಸೋಪು ಹಾಕಲಿಲ್ಲ, ಸೋಡಾ ಹಾಕಲಿಲ್ಲ. ಬರೀ ನೀರಿನಲ್ಲಿ ಐದು ಸಲ ಜಾಲಿಸಿ ಹಿಂಡಿ ಗ್ಯಾಲರಿಯ ಹಗ್ಗಕ್ಕೆ ಹಾಕಿದ. ಆಮೇಲೆ ಟ್ರೇ ತೆಗೆದು ನೀರಿನಲ್ಲೇ ಮತ್ತೆ ಮತ್ತೆ ತೊಳೆದ, ಫಿನೈಲಿನ ಘಾಟು ಸಾಯುವವರೆಗೆ. ಬೆಳಿಗ್ಗೆ ಮರಿಯ ಹೊಲಸಿನ ಜೊತೆ ಬಾಚಿ ಕಸದ ಚೀಲಕ್ಕೆ ಸುರಿದಿದ್ದ ಮಣ್ಣಿನಿಂದ ಒಂದು ಹಿಡಿ ಹೆಕ್ಕಿ, ಹೊಸ ಮಣ್ಣಿಗೆ ಬೆರೆಸಿದ. ಫಿನೈಲಿನ ಎರಡೂ ಬಾಟಲಿಗಳನ್ನು ಮೋರಿಗೆ ಸುರಿಯಲು ಹೊರಟವನು, ಮರಿಯ ಕಾಲು ನೆನಪಾಗಿ, ಕೆಳಗಿನ ಸಾರ್ವಜನಿಕ ಕಕ್ಕಸಿಗೆ ಹೋಗಿ ಸುರಿದು ಬಂದ.

ಸಂಜೆ ಮರಿ ಕುಂಟುತ್ತ ಟ್ರೇಯ ಹತ್ತಿರ ಬಂತು. ಬಹಳ ಹೊತ್ತು ಮೂಸಿತು. ಒಳಗೆ ಇಳಿದು, ಕೆದರಿ, ಕೂತು, ಕೆಲಸ ಮುಗಿಸಿ, ಅರ್ಧ ಮಣ್ಣನ್ನು ಹೊರಗೆ ಎರಚಿ ಮುಚ್ಚಿತು. ಅಂದಿನಿಂದ ಅದು ಒಂದು ದಿನವೂ ಜಾಗ ತಪ್ಪಲಿಲ್ಲ. ಭಾನುವಾರ ಮಾಲೀಕ ಬಂದು ಬಾಗಿಲಲ್ಲಿ ನಿಂತು ಮೂಗೆಳೆದು ನೋಡಿ, "ಆತಾ ಠೀಕ್ ಆಹೇ," ಈಗ ಸರಿಯಾಯಿತು, ಎಂದು ಹೋದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಗಾದೆ ಇದೆ. ದೇಜಪ್ಪ ಕೊಯ್ದದ್ದು ಕೋಪದಲ್ಲಿ ಕೂಡ ಅಲ್ಲ, ಅದೇ ದುಃಖ.

ಅಂಗಿ ಮರುದಿನವೇ ಒಣಗಿತ್ತು. ನಳಿನಾಕ್ಷಿ ಅದನ್ನು ಹಗ್ಗದಿಂದ ತೆಗೆದು ಒಮ್ಮೆ ಮುಖಕ್ಕೆ ಹಿಡಿದಳು. ಬಿಸಿಲಿನ ವಾಸನೆ, ಎಲ್ಲ ಬಟ್ಟೆಗೂ ಬರುವಂಥದ್ದು. ಮಡಚಿದಳು. ಸೂಟ್‌ಕೇಸಿಗೆ ಹಾಕಲಿಲ್ಲ, ಕಪಾಟಿನಲ್ಲಿ ಗಂಡನ ಅಂಗಿಗಳ ರಾಶಿಯ ಮೇಲಿಟ್ಟಳು.

"ನಿಮಗೆ ಆಗ್ತದೆ," ಎಂದಳು. "ಕೆಲಸಕ್ಕೆ ಹಾಕಿಕೊಳ್ಳಿ. ಇನ್ನು ಇದು ಬರೀ ಅಂಗಿ."

"ನಳಿನಾ, ನನ್ನಿಂದ ತಪ್ಪಾಯ್ತು."

"ಗೊತ್ತುಂಟು," ಎಂದು ಆಕೆ ಮರಿಗೆ ಔಷಧಿ ಕುಡಿಸಲು ಹೋದಳು.

ಮರುದಿನ ಅವನು ಆ ಅಂಗಿಯನ್ನೇ ತೊಟ್ಟು ಮಾಜಿವಾಡಾಕ್ಕೆ ಹೋದ. ತೋಳು ಸ್ವಲ್ಪ ಉದ್ದವಾಗುತ್ತಿತ್ತು, ಮಡಚಿಕೊಂಡ. ಹಾಲ್ ತೊಳೆಸಿದ, ಅಡುಗೆಮನೆ ತೊಳೆಸಿದ, ಸೇಠ್ ಹೊಸ ಅಂಗಿಯೇ ಎಂದು ಕೇಳಿದ್ದಕ್ಕೆ ಹೌದೆಂದ. ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ, ಬಾಗಿಲ ಹಿಂದೆ ಸಮಿತ್ ತೂಗುಹಾಕುತ್ತಿದ್ದ ಮೊಳೆಗೆ ತೂಗುಹಾಕಿದ. ತೊಳೆಯಲು ಹಾಕಲಿಲ್ಲ.